ಅಂತರಸಾಂಸ್ಕೃತಿಕ ಸಿಬ್ಬಂದಿ ನಿರ್ವಹಣೆ

ಅಂತರಸಾಂಸ್ಕೃತಿಕ ಸಿಬ್ಬಂದಿ ನಿರ್ವಹಣೆ ಎಂದರೆ ಭಿನ್ನ ದೇಶ, ಭಾಷೆ ಹಾಗೂ ರೂಢಿಗಳಿಗೆ ಸೇರಿದವರನ್ನು ಒಂದೇ ಸಂಸ್ಥೆಯಲ್ಲಿ ಒಗ್ಗೂಡಿಸಿ ಕೆಲಸ ನಡೆಸುವ ಕ್ರಮ. ತುಮಕೂರು ಸೀಮೆಗೆ ಜಪಾನಿನ ನಂಟು ಹೊಸದಲ್ಲ. ಸಿಟಿಜನ್ ಕಂಪನಿಯ ಸಹಯೋಗದಿಂದ 1961ರಲ್ಲಿ ಬೆಂಗಳೂರಿನಲ್ಲಿ ಕೈಗಡಿಯಾರ ತಯಾರಿಕೆ ಆರಂಭಿಸಿದ ಎಚ್‌ಎಂಟಿ, 1978ರಲ್ಲಿ ತುಮಕೂರಿನಲ್ಲೂ ಕಾರ್ಖಾನೆ ಸ್ಥಾಪಿಸಿತು.

ಕುಣಿಗಲ್ಲಿನ ನೆರೆಯ ರಾಮನಗರ ಸೀಮೆಯ ಬಿಡದಿಯಲ್ಲಿ ಟೊಯೋಟಾ ಕಿರ್ಲೋಸ್ಕರ್ 1999ರಲ್ಲಿ ಉತ್ಪಾದನೆ ಆರಂಭಿಸಿತು. ದೋಷ ಕಂಡ ಕಾರ್ಮಿಕನೇ ಉತ್ಪಾದನೆಯನ್ನು ತಡೆದು ನಿಲ್ಲಿಸಬಹುದೆಂಬುದು ಟೊಯೋಟಾ ಪದ್ಧತಿಯ ಒಂದು ತತ್ತ್ವ. ಮೇಲಧಿಕಾರಿಯ ಅಪ್ಪಣೆಗೆ ಕಾದು ನಿಲ್ಲುವ ರೂಢಿಗೆ ಇದು ತೀರ ವಿರುದ್ಧವಾದುದು. ಆದರೆ 2020ರ ನವೆಂಬರಿನಲ್ಲಿ ಕಾರ್ಮಿಕನೊಬ್ಬನ ಅಮಾನತಿನ ವಿರುದ್ಧ ಧರಣಿ ನಡೆದು, ಕಾರ್ಖಾನೆಗೆ ಲಾಕ್‌ಔಟ್ ಘೋಷಿಸಲಾಯಿತು. ಕೆಲಸದ ಹೊರೆ ಹೆಚ್ಚಿದೆ ಎಂಬುದು ಕಾರ್ಮಿಕ ಸಂಘದ ದೂರಾಗಿತ್ತು. ಇಂಥ ವಿವಾದವನ್ನು ಕೇವಲ ಸಂಸ್ಕೃತಿಭೇದವೆಂದು ಬಗೆಯುವುದು ಯುಕ್ತವಲ್ಲ.