ಜೋಗದ ದಾರಿಯ ಮಾವಿನಗುಂಡಿ

ಮಾರ್ಗಶಿರ ಕಳೆದು ಪುಷ್ಯ ಕಾಲಿಡುವ ಹೊತ್ತಿಗೆ ನಮ್ಮ ಸೀಮೆಯ ಚಹರೆಯೇ ಬೇರೆಯಾಗುತ್ತದೆ. ಮಳೆಗಾಲದಲ್ಲಿ ಸ್ವರ್ಣವಲ್ಲಿಯ ಬಳಿ ಹತ್ತಿರ ಸೇರಗೊಡದ ಶಾಲ್ಮಲೆ ಇಳಿದು, ಕಲ್ಲುಗಳ ನಡುವೆ ದಾರಿ ಹುಡುಕಿಕೊಂಡು ಹರಿಯುತ್ತಾಳೆ. ತೋಟಗಳಲ್ಲಿ ಕೊನೆಕೊಯ್ಲು ನಡೆದಿರುತ್ತದೆ. ಅಂಗಳದ ತುಂಬ ಅಡಿಕೆ ಹರವಿರುತ್ತದೆ. ರಾತ್ರಿ ಎಲ್ಲಿಯೋ ಆಟ ಕಟ್ಟಿದ್ದರೆ ಚಂಡೆಯ ಸದ್ದು ಗುಡ್ಡ ದಾಟಿ ಬರುತ್ತದೆ. ಮನೆಯೊಳಗೆ ಕುಳಿತಿರಲು ಮನಸ್ಸಾಗದ ಕಾಲ ಇದು.

ನಾನು ಕನ್ನಡ ಪಾಠ ಹೇಳುವವನು. ಪ್ರತಿ ಚಳಿಗಾಲದಲ್ಲಿಯೂ ಕೊನೆಯ ವರ್ಷದ ವಿದ್ಯಾರ್ಥಿಗಳನ್ನು ಒಂದು ದಿನ ಹೊರಗೆ ಕರೆದುಕೊಂಡು ಹೋಗುವುದು ನನ್ನ ರೂಢಿ. ಬೆಳಿಗ್ಗೆ ಸ್ವರ್ಣವಲ್ಲಿ, ಆಮೇಲೆ ಸಹಸ್ರಲಿಂಗ, ಶಿರಸಿಯಲ್ಲಿ ಊಟ, ಸಿದ್ದಾಪುರದ ಮೇಲಿಂದ ಸಂಜೆಗೆ ಜೋಗ. ಈ ಸಲ ದಾರಿಯಲ್ಲಿ ಒಂದೆಡೆ ವಾಹನಕ್ಕೂ ಪ್ರವೇಶಕ್ಕೂ ರಸೀದಿ ಹರಿದು ಕೊಟ್ಟರು. ಹಣ ಹೆಚ್ಚೇನೂ ಅಲ್ಲ. ಆದರೂ ಒಬ್ಬ ಹುಡುಗ ಸುಮ್ಮನಿರಲಿಲ್ಲ: “ಸರ್, ಇದೂ ಒಂದು ತೆರಿಗೆಯೇ ತಾನೆ? ನೀರು ಹರಿಸುವವನು ದೇವರು, ನೋಡುವ ಕಣ್ಣು ನಮ್ಮದು. ನಡುವೆ ಇವರದೇನು?” ಬಸ್ಸಿನಲ್ಲಿದ್ದವರೆಲ್ಲ ನಕ್ಕರು. ನಾನೂ ನಕ್ಕೆ. ಆದರೆ ಆ ಪ್ರಶ್ನೆ ಜೋಗದವರೆಗೂ ನನ್ನ ಪಕ್ಕದ ಸೀಟಿನಲ್ಲಿಯೇ ಕುಳಿತು ಬಂತು. ಹುಡುಗ ಕೇಳಿದ್ದು ತಮಾಷೆಗೆ. ಆದರೆ ಅದೇ ಪ್ರಶ್ನೆಯನ್ನು ಈ ಸೀಮೆಯ ಜನ ಒಮ್ಮೆ ಮನೆಮಾರುಗಳನ್ನು ಒತ್ತೆಯಿಟ್ಟು ಕೇಳಿದ್ದರು.

‘ಸುಂಕದವನ ಮುಂದೆ ಸುಖದುಃಖ ಹೇಳಿಕೊಂಡಂತೆ’ ಎಂಬ ಗಾದೆಯನ್ನು ಕಟ್ಟಿದ ಜನ ನಾವು. ತೆರಿಗೆಯೊಡನೆ ನಮ್ಮ ಪರಿಚಯ ಹಳೆಯದು. ಸಹಸ್ರಲಿಂಗದಲ್ಲಿ ನದಿಯ ಬಂಡೆಬಂಡೆಯ ಮೇಲೂ ಲಿಂಗ, ನಂದಿಗಳನ್ನು ಕೊರೆಯಿಸಿದವನು ಸೋದೆಯ ಅರಸ ಸದಾಶಿವರಾಯ (೧೬೭೮–೧೭೧೮) ಎನ್ನುತ್ತಾರೆ. ಚಳಿಗಾಲದಲ್ಲಿ ನೀರು ಇಳಿದಾಗ ಅವನ್ನು ನೋಡಲು ನಾವು ಬುತ್ತಿ ಕಟ್ಟಿಕೊಂಡು ಹೋಗುತ್ತೇವೆ. ಸೋದೆಯ ಬೊಕ್ಕಸ ತುಂಬಿದ್ದು ಮೆಣಸು, ಅಡಿಕೆ ಬೆಳೆಯುವ ಈ ಕಣಿವೆಗಳಿಂದ. ಹಾಗೆ ನೋಡಿದರೆ ಆ ಕಲ್ಲುಗಳಲ್ಲಿ ಅರಸನ ಭಕ್ತಿಯೊಡನೆ ಹೆಸರಿಲ್ಲದ ತೋಟಿಗರ ಬೆವರೂ ಇದೆ.

ನೆರೆಯ ಕೆಳದಿಯಲ್ಲಿ ಹದಿನೇಳನೆಯ ಶತಮಾನದ ನಡುವೆ ಆಳಿದ ಶಿವಪ್ಪನಾಯಕ ಭೂಮಿಯ ಗುಣ ಮತ್ತು ಹುಟ್ಟುವಳಿಯನ್ನು ನೋಡಿ ಕಂದಾಯ ಗೊತ್ತುಪಡಿಸಿದ. ಅದಕ್ಕೆ ‘ಶಿಸ್ತು’ ಎಂದು ಹೆಸರು. ಅವನು ‘ಶಿಸ್ತಿನ ಶಿವಪ್ಪನಾಯಕ’ನಾದ. ಇಂದು ತರಗತಿಯಲ್ಲಿ ನಾವು ಮಕ್ಕಳಿಂದ ಬೇಡುವ ಶಿಸ್ತಿಗೂ ಆ ಶಿಸ್ತಿಗೂ ಹೆಸರು ಒಂದೇ. ಕೊಡುವವನಿಗೆ ಎಷ್ಟೆಂಬುದು ಮೊದಲೇ ಗೊತ್ತಿರಬೇಕು, ಕೊಳ್ಳುವವನು ಅದನ್ನು ಮೀರಬಾರದು. ಶಿಸ್ತು ಎಂದರೆ ಇಬ್ಬರಿಗೂ ಕಟ್ಟು.

ಹದಿನೆಂಟನೆಯ ಶತಮಾನದಲ್ಲಿ ಆ ಕಟ್ಟು ಹರಿಯಿತು. ೧೭೬೩ರಲ್ಲಿ ಹೈದರಾಲಿ ಕೆಳದಿಯವರ ಬಿದನೂರನ್ನು ಗೆದ್ದ; ಅದರ ಹಿಂದೆಯೇ ಸೋದೆಯೂ ಅವನ ಕೈ ಸೇರಿತು. ಅರಸುಮನೆತನ ಗೋವೆಗೆ ಹೋಗಿ ಆಶ್ರಯ ಪಡೆಯಿತು. ೧೭೯೯ರಲ್ಲಿ ಟಿಪ್ಪು ಮಡಿದ ಮೇಲೆ ಈ ಪ್ರದೇಶ ಕಂಪನಿಯ ಪಾಲಾಗಿ, ಥಾಮಸ್ ಮನ್ರೋ ಕೆನರಾದ ಕಲೆಕ್ಟರನಾಗಿ ಬಂದ. ಅವನು ಮಾಡಿದ ಮೊದಲ ಕೆಲಸಗಳಲ್ಲೊಂದು ಹಳೆಯ ಲೆಕ್ಕದ ಪುಸ್ತಕಗಳನ್ನು ತರಿಸಿ ವಿಜಯನಗರದ ಕಾಲದಿಂದ ಕಂದಾಯ ಹೇಗೆ ಏರುತ್ತ ಬಂತೆಂದು ನೋಡಿದ್ದು. ಒಂದರ ಮೇಲೊಂದು ಪಟ್ಟಿ ಹೇರಿದರೆ ರೈತನಿಗೆ ಭೂಮಿಯ ಮೇಲೆ ಆಸೆ ಉಳಿಯುವುದಿಲ್ಲವೆಂಬುದು ಆ ಪರಂಗಿಯವನಿಗೂ ಹೊಳೆಯಿತು. ಭಾರ ಇಳಿಸಬೇಕೆಂದು ಮೇಲಿನವರಿಗೆ ಬರೆದ.

ಆದರೆ ಕಂಪನಿಯ ಆಡಳಿತ ರೈತನ ಅಳಲಿಗೆ ಕಿವಿಗೊಡಲಿಲ್ಲ. ೧೮೩೦–೩೧ರಲ್ಲಿ ಕೆನರಾದ ರೈತರು, ಮುಖ್ಯವಾಗಿ ದಕ್ಷಿಣದ ಕಡೆಯವರು, ಗುಂಪುಗುಂಪಾಗಿ ಸೇರಿ ಕಂದಾಯ ಕೊಡುವುದಿಲ್ಲವೆಂದರು. ಚರಿತ್ರೆಯಲ್ಲಿ ಅದಕ್ಕೆ ‘ಕೂಟ’ಗಳ ಬಂಡಾಯವೆಂದೇ ಹೆಸರು. ಕೂಟ! ಇಂದು ನಾವು ಸಂತೋಷಕೂಟ, ಭೋಜನಕೂಟ ಎಂದು ಹಗುರವಾಗಿ ಬಳಸುವ ಮಾತು. ಬಯಲಲ್ಲಿ ಹತ್ತು ಜನ ಸೇರುವುದಕ್ಕೆ ಒಂದು ಕಾಲದಲ್ಲಿ ಇಂಥ ಅರ್ಥವೂ ಇತ್ತು.

ಮುಂದೆ ಕೆನರಾ ಎರಡು ಹೋಳಾಯಿತು. ದಕ್ಷಿಣದ ಭಾಗ ಮದರಾಸಿಗೇ ಉಳಿಯಿತು. ನಮ್ಮ ಉತ್ತರದ ಭಾಗ ೧೮೬೨ರಲ್ಲಿ ಮುಂಬಯಿ ಪ್ರಾಂತಕ್ಕೆ ಸೇರಿತು. ೧೮೭೮ರ ಅರಣ್ಯ ಕಾನೂನು ಬಂದ ಮೇಲೆ ಹೊಸ ಸಂಕಟವೊಂದು ಬೆಳೆಯಿತು. ಅಡಿಕೆ ತೋಟ ಬದುಕುವುದು ಸುತ್ತಲಿನ ಬೆಟ್ಟದ ಸೊಪ್ಪು, ದರಕಿನಿಂದ. ಘಟ್ಟದ ಮೇಲೆ ಒಂದು ಎಕರೆ ತೋಟಕ್ಕೆ ಒಂಬತ್ತು ಎಕರೆ ಸೊಪ್ಪಿನ ಬೆಟ್ಟವೆಂಬ ಲೆಕ್ಕ ಬಂದದ್ದೂ ಅದಕ್ಕಾಗಿಯೇ. ಆದರೆ ಬೆಟ್ಟದ ಮೇಲಿನ ಹಕ್ಕು ಹೋಗಿ ಅನುಮತಿ ಉಳಿಯಿತು, ಕಾಡು ಸರ್ಕಾರದ್ದಾಯಿತು. ಅಂದಿನ ತೋಟಿಗರು ಕಟ್ಟಿಕೊಂಡ ಸಂಘದ ಹೆಸರೇ ‘ವನದುಃಖ ನಿವಾರಣ ಸಭೆ’. ನಾವು ವನವಿಹಾರಕ್ಕೆ ಹೋಗುವ ಅದೇ ಕಾಡು ಆ ಜನರಿಗೆ ವನದುಃಖವಾಗಿತ್ತು.

ಇಷ್ಟು ಹಿನ್ನೆಲೆಯಿಲ್ಲದೆ ೧೯೩೦ನ್ನು ನೋಡಿದರೆ ಅರ್ಥವಾಗುವುದಿಲ್ಲ. ಆ ವರ್ಷದ ಏಪ್ರಿಲಿನಲ್ಲಿ ಅಂಕೋಲೆಯ ಕಡಲತಡಿಯಲ್ಲಿ ಉಪ್ಪಿನ ಸತ್ಯಾಗ್ರಹ ನಡೆಯಿತು. ಘಟ್ಟದ ಮೇಲೆ ಉಪ್ಪಿಲ್ಲ, ಕಾಡಿದೆ. ಇಲ್ಲಿ ಜನ ಅರಣ್ಯ ಕಾನೂನನ್ನು ಮುರಿದರು. ಜಗತ್ತಿನಾದ್ಯಂತ ಬೆಳೆಗಳ ಬೆಲೆ ಕುಸಿದ ಕಾಲ ಅದು. ತೀರ್ವೆ ಮಾತ್ರ ಇಳಿಯಲಿಲ್ಲ. ಸಿದ್ದಾಪುರ, ಶಿರಸಿ, ಅಂಕೋಲೆಗಳಲ್ಲಿ ಕರನಿರಾಕರಣೆ ಹೊತ್ತಿಕೊಂಡಿತು. ೧೯೩೧ರ ಮಾರ್ಚಿಯ ಗಾಂಧಿ–ಇರ್ವಿನ್ ಒಪ್ಪಂದದಿಂದ ಸ್ವಲ್ಪ ತಣ್ಣಗಾದದ್ದು ೧೯೩೨ರಲ್ಲಿ ಮತ್ತೆ ಉರಿಯಿತು.

ತೆರಿಗೆ ಕೊಡದಿದ್ದರೆ ಏನಾಗುತ್ತದೆಂಬುದು ಜನಕ್ಕೆ ಗೊತ್ತಿತ್ತು. ಜಪ್ತಿ ಬಂತು. ಪಾತ್ರೆ, ದನ, ದಾಸ್ತಾನಿನ ಅಡಿಕೆ, ಕೊನೆಗೆ ಭೂಮಿ, ಎಲ್ಲ ಹರಾಜಿಗೆ. ನನ್ನ ಅಜ್ಜಿಯ ತವರು ಸಿದ್ದಾಪುರದ ಕಡೆಯ ಒಂದು ಹಳ್ಳಿ. ಆಗ ಅವಳಿಗೆ ಎಂಟೋ ಒಂಬತ್ತೋ ವರ್ಷ. ಮನೆಯವರು ಚಿಕ್ಕ ಪಾತ್ರೆಗಳನ್ನು ಬೆಟ್ಟಕ್ಕೊಯ್ದು ದರಕಿನ ರಾಶಿಯಡಿ ಮುಚ್ಚಿಟ್ಟರಂತೆ. ಬಚ್ಚಲಿನ ತಾಮ್ರದ ಹಂಡೆಯನ್ನು ಮುಚ್ಚಿಡುವುದು ಹೇಗೆ? ಒಲೆಯ ಮೇಲೆ ಕೂತಿದ್ದ ಹಂಡೆಯನ್ನು, ಒಳಗಿನ ಬಿಸಿನೀರು ಚೆಲ್ಲಿ, ಗಾಡಿಗೆ ಹೇರಿದರು. “ಚಳಿಗಾಲ ನೋಡು, ನೀರು ಹಬೆಯಾಡ್ತಾ ಅಂಗಳದಲ್ಲೆಲ್ಲ ಹರಿದು ಹೋತು” ಎಂದು ಅಜ್ಜಿ ಹೇಳುತ್ತಿದ್ದಳು. ಅವಳ ನೆನಪಿನಲ್ಲಿ ಸ್ವಾತಂತ್ರ್ಯ ಹೋರಾಟವೆಂದರೆ ಆ ಚೆಲ್ಲಿದ ಬಿಸಿನೀರು.

ಜೋಗಕ್ಕೆ ಇನ್ನು ಕೆಲವೇ ಮೈಲಿ ಇರುವಾಗ ಮಾವಿನಗುಂಡಿ ಸಿಗುತ್ತದೆ. ಜಪ್ತಿಯಾದ ಆಸ್ತಿಯನ್ನು ಹರಾಜಿನಲ್ಲಿ ಕೊಂಡವರ ಮನೆಯ ಮುಂದೆ ೧೯೩೨ರಲ್ಲಿ ಹೆಂಗಸರು ಉಪವಾಸ ಕುಳಿತದ್ದು ಇಲ್ಲಿ. ಗಂಡಸರಲ್ಲಿ ಬಹಳ ಮಂದಿ ಸೆರೆಯಲ್ಲಿದ್ದರು. ಹೊಸಿಲು ದಾಟಿ ಸಭೆ ಕಂಡವರಲ್ಲ, ಭಾಷಣ ಮಾಡಿದವರಲ್ಲ. ಬೈಯಲಿಲ್ಲ, ಕಲ್ಲೆತ್ತಲಿಲ್ಲ, ಅನ್ನ ಬಿಟ್ಟು ಕುಳಿತರು, ಅಷ್ಟೇ. ಸರ್ಕಾರದ ಕಚೇರಿಯ ಮುಂದೆ ಕೂರುವುದು ಒಂದು. ನಮ್ಮವನೇ ಆದ ಕೊಂಡವನ ಮುಂದೆ, ಅವನ ಮನಸ್ಸಿಗೆ ತಾಗುವಂತೆ ಕೂರುವುದು ಇನ್ನೊಂದು. ಎರಡನೆಯದು ಹೆಚ್ಚು ಕಷ್ಟ. ೧೯೩೪ರ ಹರಿಜನ ಪ್ರವಾಸದಲ್ಲಿ ಗಾಂಧೀಜಿ ಶಿರಸಿಗೆ ಬಂದಾಗ ಅವರು ಕಂಡದ್ದು ಇಂಥ ತ್ಯಾಗದಿಂದ ಬಳಲಿದ, ಆದರೆ ಬಾಗದ ಜನವನ್ನು. ೧೯೩೭ರಲ್ಲಿ ಮುಂಬಯಿಯಲ್ಲಿ ಬಾಳಾಸಾಹೇಬ ಖೇರರ ಕಾಂಗ್ರೆಸ್ ಮಂತ್ರಿಮಂಡಲ ಬಂದ ಮೇಲೆ, ಜಪ್ತಿಯಾದ ಭೂಮಿಗಳನ್ನು ಮರಳಿಸಲು ಕಾನೂನೇ ಆಯಿತು. ಹಂಡೆ ಮಾತ್ರ ಮರಳಲಿಲ್ಲ.

ಇಲ್ಲಿಗೇ ನಿಲ್ಲಿಸಿದರೆ ಇದು ತೆರಿಗೆ ಕೊಡದವರ ವೀರಕಥೆಯಾಗುತ್ತದೆ. ಆದರೆ ಕಥೆಯ ಉತ್ತರಾರ್ಧ ನನಗೆ ಇನ್ನೂ ಮುಖ್ಯವೆನಿಸುತ್ತದೆ. ಕರನಿರಾಕರಣೆಯ ಅದೇ ಸಿದ್ದಾಪುರ ತಾಲೂಕಿನ ದೊಡ್ಮನೆಯಲ್ಲಿ ೧೯೨೬ರಲ್ಲಿ ಹುಟ್ಟಿದ ಮಗುವಿಗೆ ಮಾವಿನಗುಂಡಿಯ ಉಪವಾಸದ ಹೊತ್ತಿಗೆ ಸುಮಾರು ಆರು ವರ್ಷ. ೧೯೫೭ರಲ್ಲಿ ಆತ ಮೈಸೂರು ಶಾಸನಸಭೆಯನ್ನು ಪ್ರವೇಶಿಸಿದ. ಮುಂದೆ ಹಣಕಾಸು ಮಂತ್ರಿಯಾಗಿ, ೧೯೮೩ರಿಂದ ೧೯೮೮ರವರೆಗೆ ಮುಖ್ಯಮಂತ್ರಿಯಾಗಿ, ಒಟ್ಟು ಹದಿಮೂರು ಬಜೆಟ್ಟುಗಳನ್ನು ಮಂಡಿಸಿದ. ಅವರೇ ರಾಮಕೃಷ್ಣ ಹೆಗಡೆ. ೨೦೨೩ರವರೆಗೆ ಆ ಸಂಖ್ಯೆಯನ್ನು ರಾಜ್ಯದಲ್ಲಿ ಯಾರೂ ಮೀರಿರಲಿಲ್ಲ. ತೆರಿಗೆ ಕೊಡೆನೆಂದ ನೆಲವೇ ತೆರಿಗೆ ಹಾಕುವವರನ್ನೂ ಕೊಟ್ಟಿತು. ಇದರಲ್ಲಿ ವಿರೋಧವೇನೂ ಇಲ್ಲ. ಅವರ ಸರ್ಕಾರ ತಂದ ೧೯೮೩ರ ಜಿಲ್ಲಾ ಪರಿಷತ್ತು, ಮಂಡಲ ಪಂಚಾಯತಿಗಳ ಕಾನೂನಿನ ಹಿಂದೆ ಇದ್ದ ಪ್ರಶ್ನೆಯೂ ಹಳೆಯದೇ: ಕೊಟ್ಟವನ ಹಣವನ್ನು ಯಾರು, ಎಲ್ಲಿ ಕುಳಿತು, ಯಾರನ್ನು ಕೇಳಿ ಖರ್ಚು ಮಾಡಬೇಕು?

ನನ್ನ ಅಜ್ಜಿ ಇದನ್ನು ಬಜೆಟ್ಟು ಓದದೆಯೇ ತಿಳಿದಿದ್ದಳು. ಮದುವೆಯಾಗಿ ಸ್ವರ್ಣವಲ್ಲಿಯ ಕಡೆಗೆ ಬಂದವಳು ಪ್ರತಿ ವರ್ಷವೂ ಅಡಿಕೆ ಮಾರಿದ ದುಡ್ಡಿನಲ್ಲಿ ತೀರ್ವೆಯ ಹಣವನ್ನು ಮೊದಲು ತೆಗೆದು ಬೇರೆ ಇಡಿಸುತ್ತಿದ್ದಳು. “ಜಪ್ತಿ ಕಂಡ ಮನೆಯವಳು ನೀನು, ನಿನಗೇಕೆ ಇಷ್ಟು ಅವಸರ?” ಎಂದು ನಾನೊಮ್ಮೆ ಚೇಷ್ಟೆ ಮಾಡಿದೆ. “ಆಗ ಕೊಡದೇ ಇದ್ದದ್ದು ಅವರ ಸರ್ಕಾರಕ್ಕೆ. ಇದು ನಮ್ದೇ ಅಲ್ದನ, ತಮಾ?” ಎಂದಳು. ಸ್ವಲ್ಪ ತಡೆದು, “ನಮ್ದು ಅಂದ್ಮೇಲೆ ಲೆಕ್ಕ ಕೇಳವು” ಎಂದೂ ಸೇರಿಸಿದಳು.

ಪ್ರತಿ ವರ್ಷ ಚಳಿಗಾಲಕ್ಕೆ ಬೆಳಗಾವಿಯ ಸುವರ್ಣ ವಿಧಾನಸೌಧದಲ್ಲಿ ಅಧಿವೇಶನ ಸೇರುವುದು ರೂಢಿಯಾಗಿದೆ. ನಮ್ಮ ಶಾಸಕರು ಊರಿಗೆ ಬಂದಾಗ ತೆರಿಗೆಯ ಪಾಲಿನ ಬಗ್ಗೆ, ಅಡಿಕೆಯ ಮೇಲಿನ ಜಿಎಸ್‌ಟಿಯ ಬಗ್ಗೆ, ಜಲಪಾತದ ರಸ್ತೆ ಮತ್ತು ಪ್ರವಾಸಿಗರ ಸೌಕರ್ಯದ ಬಗ್ಗೆ ಹೇಳುತ್ತಾರೆ. ನಾವು ಅರ್ಧ ಕೇಳಿ ಅರ್ಧ ಮರೆಯುತ್ತೇವೆ. ತೆರಿಗೆಯ ಬಗ್ಗೆ ಗೊಣಗುವುದು ನಮಗೆ ಸುಲಭ. ಅದರ ಲೆಕ್ಕ ಕೇಳುವುದು ಬೇಸರ. ಕರನಿರಾಕರಣೆಯವರದು ಇದಕ್ಕೆ ತಿರುಗುಮುರುಗು. ಅವರು ಗೊಣಗಲಿಲ್ಲ, ಲೆಕ್ಕ ಕೇಳಿದರು. ಉತ್ತರ ಬರದಿದ್ದಾಗ ಕೈ ಬಿಗಿಹಿಡಿದರು.

ಆ ಸಂಜೆ ಬಸ್ಸನ್ನು ಮಾವಿನಗುಂಡಿಯಲ್ಲಿ ನಿಲ್ಲಿಸಿದೆ. ಎಷ್ಟು ವರ್ಷ ಈ ದಾರಿಯಲ್ಲಿ ಹೋಗಿದ್ದರೂ ನಿಲ್ಲಿಸಿದ್ದು ಅದೇ ಮೊದಲು ಎಂದು ಹೇಳಲು ನಾಚಿಕೆಯಾಗುತ್ತದೆ. ಆ ಹೆಂಗಸರ ನೆನಪಿಗೆ ಅಲ್ಲಿ ಸ್ಮಾರಕವಿದೆ. ಹುಡುಗರಿಗೆ ಇಷ್ಟನ್ನೂ ಹೇಳಿದೆ. ರಸೀದಿಯ ಪ್ರಶ್ನೆ ಎತ್ತಿದ ಹುಡುಗ ತುಸು ಹೊತ್ತು ಸುಮ್ಮನಿದ್ದು, “ಹಾಗಾದರೆ ಸರ್, ಆ ರಸೀದಿಯ ದುಡ್ಡು ಎಲ್ಲಿಗೆ ಹೋಗುತ್ತದೆ ಎಂದು ಕೇಳಬಹುದಲ್ಲ?” ಎಂದ.

“ಕೇಳಬೇಕು” ಎಂದೆ.

ಜೋಗ ಮುಟ್ಟುವಾಗ ಹೊತ್ತು ಕಂತಿತ್ತು. ಲಿಂಗನಮಕ್ಕಿಯ ಅಣೆಕಟ್ಟು ೧೯೬೪ರಲ್ಲಿ ಆದ ಮೇಲೆ ಚಳಿಗಾಲದ ಜೋಗದಲ್ಲಿ ನೀರು ಕಡಿಮೆ. ಬಂಡೆಯ ಮೈಮೇಲೆ ನಾಲ್ಕು ಬಿಳಿಯ ಎಳೆಗಳು ಮಾತ್ರ. ಹುಡುಗರಿಗೆ ನಿರಾಶೆಯಾಗಲಿಲ್ಲ. ನನಗೂ ಆಗಲಿಲ್ಲ. ನೋಡಬೇಕಾದುದನ್ನು ನಾವು ಆಗಲೇ ದಾರಿಯಲ್ಲಿ ನೋಡಿ ಬಂದಿದ್ದೆವು.