ಮಗಳು ಮನೆಗೆ ಬಂದ ಮೇಲೂ

ಪಿಎಚ್.ಡಿ. ಪ್ರಬಂಧದ ಮೂರನೇ ಅಧ್ಯಾಯದಲ್ಲಿ ನಾನು 'ಒಗ್ಗಟ್ಟು' ಎಂಬ ಪದವನ್ನು ಧಾರಾಳವಾಗಿ ಬಳಸಿದ್ದೆ. ಕರಡು ಓದಿದ ಮಾರ್ಗದರ್ಶಕರು ಅಂಚಿನಲ್ಲಿ ಒಂದು ಪ್ರಶ್ನೆ ಬರೆದು ಕೊಟ್ಟರು: 'ಒಂದೇ ನೋವು ಇರುವವರು ಒಂದು ಕಡೆ ಸೇರಿದರೆ ಅಷ್ಟಕ್ಕೇ ಒಗ್ಗಟ್ಟು ಅನ್ನಬಹುದೇ?' ಉತ್ತರ ಹುಡುಕುತ್ತಿದ್ದಾಗ ನನಗೆ ಸಿಕ್ಕವರು ಎಸ್ತೆರ್ ಬಲೆಸ್ತ್ರಿನೊ.

1976ರ ಮಾರ್ಚ್ 24ರಂದು ಅರ್ಜೆಂಟೀನಾದಲ್ಲಿ ಸೇನೆ ಅಧಿಕಾರ ಹಿಡಿಯಿತು. ವಿದ್ಯಾರ್ಥಿಗಳು, ಕಾರ್ಮಿಕ ಮುಖಂಡರು, ಪತ್ರಕರ್ತರನ್ನು ರಾತ್ರೋರಾತ್ರಿ ಎತ್ತಿಕೊಂಡು ಹೋಗಲಾಯಿತು. ಠಾಣೆಯಲ್ಲಿ ಕೇಳಿದರೆ ಅಂಥ ಹೆಸರಿನವರು ಯಾರೂ ಇಲ್ಲ ಎಂಬ ಉತ್ತರ. ಹೀಗೆ 'ಕಾಣೆಯಾದವರು' ಮಾನವ ಹಕ್ಕು ಸಂಘಟನೆಗಳ ಲೆಕ್ಕದಲ್ಲಿ 30,000.

1977ರ ಏಪ್ರಿಲ್ 30ರಂದು ಅಸುಸೆನಾ ವಿಲ್ಲಾಫ್ಲೋರ್ ಎಂಬ ತಾಯಿಯ ಕರೆಗೆ ಓಗೊಟ್ಟು 14 ಹೆಂಗಸರು ಬ್ಯೂನಸ್ ಐರಿಸ್‌ನಲ್ಲಿ ಅಧ್ಯಕ್ಷರ ಅರಮನೆಯ ಎದುರಿನ ಪ್ಲಾಜಾ ದೆ ಮಾಯೊ ಚೌಕಕ್ಕೆ ಬಂದರು. ಅಂದು ಶನಿವಾರ, ಚೌಕದಲ್ಲಿ ಜನವೇ ಇರಲಿಲ್ಲ. ಆಮೇಲೆ ಗುರುವಾರ ಗಟ್ಟಿಯಾಯಿತು. ಗುಂಪುಗೂಡುವುದಕ್ಕೆ ನಿಷೇಧವಿದ್ದುದರಿಂದ ಪೊಲೀಸರು 'ನಿಲ್ಲಬೇಡಿ, ನಡೆಯಿರಿ' ಎಂದು ಗದರಿದರು. ಸರಿ, ಅವರು ಜೋಡಿಜೋಡಿಯಾಗಿ ನಡುವಿನ ಸ್ಮಾರಕಸ್ತಂಭಕ್ಕೆ ಸುತ್ತು ಹಾಕತೊಡಗಿದರು. ಚದುರಿಸಲು ಕೊಟ್ಟ ಆಜ್ಞೆಯೇ ಪ್ರತಿಭಟನೆಯ ರೂಪವಾಯಿತು. ಅದೇ ವರ್ಷ ಲುಹಾನ್ ಯಾತ್ರೆಯ ಜನಜಂಗುಳಿಯಲ್ಲಿ ಪರಸ್ಪರ ಗುರುತು ಸಿಗಲೆಂದು ಮಕ್ಕಳಿಗೆ ಕಟ್ಟುವ ಬಿಳಿ ಲಂಗೋಟಿ ಬಟ್ಟೆಯನ್ನು ತಲೆಗೆ ಕಟ್ಟಿಕೊಂಡರು. ಮುಂದೆ ಜಗತ್ತು ಅವರನ್ನು ಗುರುತಿಸಿದ್ದು ಆ ಬಿಳಿ ವಸ್ತ್ರದಿಂದಲೇ.

ಇವರಲ್ಲೊಬ್ಬರು ಎಸ್ತೆರ್. ಪರಾಗ್ವೆಯಿಂದ ಗಡಿಪಾರಾಗಿ ಬಂದು ನೆಲೆಸಿದ್ದ ಜೀವರಸಾಯನ ತಜ್ಞೆ. ಅವರ ಅಳಿಯ ಕಾಣೆಯಾಗಿದ್ದ. 1977ರ ಜೂನ್‌ನಲ್ಲಿ 16 ವರ್ಷದ ಬಸುರಿ ಮಗಳನ್ನೂ ಹಿಡಿದೊಯ್ದರು. ಸುಮಾರು ಮೂರೂವರೆ ತಿಂಗಳ ಚಿತ್ರಹಿಂಸೆಯ ನಂತರ ಆಕೆ ಬಿಡುಗಡೆಯಾಗಿ ಸ್ವೀಡನ್‌ನಲ್ಲಿ ಆಶ್ರಯ ಪಡೆದಳು. ಬಾಣಂತನಕ್ಕೆ ತಾಯಿ ಬೇಕಾದ ಹೊತ್ತು ಅದು. ಎಸ್ತೆರ್ ಮಾತ್ರ ಚೌಕಕ್ಕೆ ಮರಳಿದರು. ನಿಮ್ಮ ಮಗಳು ಸಿಕ್ಕಳಲ್ಲ, ಇನ್ನು ಇಲ್ಲೇಕೆ ಎಂದು ಗೆಳತಿಯರೇ ಕೇಳಿದರು. ಎಲ್ಲರ ಮಕ್ಕಳೂ ಸಿಗುವತನಕ ಬರುತ್ತೇನೆ ಎಂಬುದು ಅವರ ನಿಲುವಾಗಿತ್ತು.

ಆ ಗುಂಪಿನೊಳಗೆ ಒಬ್ಬ ಯುವಕ ಬಂದು ಸೇರಿಕೊಂಡಿದ್ದ. ತನ್ನ ಅಣ್ಣ ಕಾಣೆಯಾಗಿದ್ದಾನೆ ಎಂದು ಹೇಳಿಕೊಂಡ ಆತ ನಿಜವಾಗಿ ನೌಕಾಪಡೆಯ ಅಧಿಕಾರಿ ಆಲ್ಫ್ರೆಡೊ ಆಸ್ತಿಸ್. ಕಾಣೆಯಾದವರ ಹೆಸರುಗಳನ್ನು ಪತ್ರಿಕೆಯಲ್ಲಿ ಪ್ರಕಟಿಸಲು ಹಣ ಒಟ್ಟುಮಾಡುತ್ತಿದ್ದ ತಾಯಂದಿರನ್ನು ಹಿಡಿಸಿಕೊಟ್ಟವನು ಅವನೇ. ಡಿಸೆಂಬರ್ 8ರಂದು ಸಾಂತಾ ಕ್ರೂಸ್ ಚರ್ಚಿನ ಬಳಿ ಎಸ್ತೆರ್ ಮತ್ತು ಮರಿಯಾ ಪೊನ್ಸೆಯನ್ನೂ, 10ರಂದು ಅಸುಸೆನಾರನ್ನೂ ಎಳೆದೊಯ್ದರು. ಅಂದಿನ ಪತ್ರಿಕೆಯಲ್ಲೇ ಆ ಹೆಸರುಗಳು ಅಚ್ಚಾಗಿದ್ದವು. ಮೂವರನ್ನೂ ವಿಮಾನದಿಂದ ಸಮುದ್ರಕ್ಕೆ ಎಸೆಯಲಾಯಿತು.

ಉಳಿದ ತಾಯಂದಿರು ಹೆದರಲಿಲ್ಲ ಎಂದು ಬರೆಯುವುದು ಸುಲಭ. ಹೆದರಿದರು, ಕೆಲವರು ಬರುವುದನ್ನೇ ಬಿಟ್ಟರು. ಆದರೂ ಗುರುವಾರದ ನಡಿಗೆ ಸಾಯಲಿಲ್ಲ. ಸೇನಾಡಳಿತ ಕುಸಿಯಲು ಫಾಕ್‌ಲ್ಯಾಂಡ್ಸ್ ಯುದ್ಧದ ಸೋಲು, ಹದಗೆಟ್ಟ ಆರ್ಥಿಕತೆಯೂ ಕಾರಣ. ಚುನಾಯಿತ ಅಧ್ಯಕ್ಷ ರೌಲ್ ಅಲ್ಫೋನ್ಸಿನ್ ಅಧಿಕಾರ ಸ್ವೀಕರಿಸಿದ್ದು 1983ರ ಡಿಸೆಂಬರ್ 10ರಂದು, ಅಸುಸೆನಾ ಕಣ್ಮರೆಯಾಗಿ ಸರಿಯಾಗಿ ಆರು ವರ್ಷಕ್ಕೆ.

ದಡಕ್ಕೆ ಬಂದಿದ್ದ ದೇಹಗಳನ್ನು ಹೆಸರಿಲ್ಲದೆ ಹೂಳಲಾಗಿತ್ತು. 2005ರಲ್ಲಿ ವಿಧಿವಿಜ್ಞಾನ ತಜ್ಞರು ಅವುಗಳ ಗುರುತು ಹಿಡಿದರು. ಎಸ್ತೆರ್ ಮತ್ತು ಮರಿಯಾರನ್ನು ಸಾಂತಾ ಕ್ರೂಸ್ ಚರ್ಚಿನ ತೋಟದಲ್ಲೇ ಮಣ್ಣು ಮಾಡಿದರು. ಅಸುಸೆನಾರ ಚಿತಾಭಸ್ಮ ಪ್ಲಾಜಾ ದೆ ಮಾಯೊದಲ್ಲಿದೆ. 2011ರಲ್ಲಿ ಆಸ್ತಿಸ್‌ಗೆ ಜೀವಾವಧಿ ಶಿಕ್ಷೆಯಾಯಿತು.

ಆ ಅಧ್ಯಾಯವನ್ನು ಈಗ ಮತ್ತೆ ಬರೆಯುತ್ತಿದ್ದೇನೆ. ಮೊದಲ ಕರಡಿನಲ್ಲಿ ಅದು 14 ತಾಯಂದಿರ ದುಃಖದಿಂದ ಶುರುವಾಗುತ್ತಿತ್ತು. ಈ ಸಲ, ಮಗಳು ಜೀವಂತ ಸಿಕ್ಕ ಮೇಲೂ ಚೌಕಕ್ಕೆ ಹೊರಟ ಒಬ್ಬ ಹೆಂಗಸಿನಿಂದ ಶುರುಮಾಡಿದ್ದೇನೆ.