ಕಲ್ಲಿದ್ದಲಿಲ್ಲದ ಸೀಮೆಯ ಲೋಹಚರಿತ್ರೆ: ಚಿಕ್ಕಬಳ್ಳಾಪುರ ಮತ್ತು ನೆರೆಯ ತಾಲ್ಲೂಕುಗಳು

ಚಿಕ್ಕಬಳ್ಳಾಪುರ, ಗೌರಿಬಿದನೂರು, ಚಿಂತಾಮಣಿ, ಶಿಡ್ಲಘಟ್ಟ ತಾಲ್ಲೂಕುಗಳ ನೆಲದಡಿ ಕಲ್ಲಿದ್ದಲಿಲ್ಲ. ಇಲ್ಲಿನ ನೈಸ್ ಮತ್ತು ಗ್ರಾನೈಟ್ ಬಂಡೆಗಳ ವಯಸ್ಸು ಸುಮಾರು 250 ಕೋಟಿ ವರ್ಷ ಅಥವಾ ಅದಕ್ಕೂ ಹೆಚ್ಚು. ಗೋದಾವರಿ ಕಣಿವೆಯ ಸಿಂಗರೇಣಿಯಲ್ಲಿ ಕಲ್ಲಿದ್ದಲಾದ ಕಾಡುಗಳು ಬೆಳೆದದ್ದು ಅದೆಷ್ಟೋ ಕಾಲದ ನಂತರ. 1306ರ ಸುಮಾರಿಗೆ ಲಂಡನ್ನಿನಲ್ಲಿ ಕಲ್ಲಿದ್ದಲ ಹೊಗೆಯ ವಿರುದ್ಧ ರಾಜಾಜ್ಞೆ ಹೊರಡಿಸಬೇಕಾಯಿತು. ಆದರೆ ಈ ನಂದಿಬೆಟ್ಟದ ಸೀಮೆಯಲ್ಲಿ ಲೋಹ ಕರಗಿಸಲು ಇದ್ದದ್ದು ಕಟ್ಟಿಗೆಯ ಇದ್ದಿಲು ಮಾತ್ರ. ಇಲ್ಲಿನ ಮಧ್ಯಕಾಲೀನ ಲೋಹೋದ್ಯಮದ ಕುರುಹುಗಳನ್ನು ಅರಸುವವರು ಸುರಂಗಗಳಿಗಿಂತ ಮೊದಲು ಹಳ್ಳಗಳನ್ನೂ ಕುರುಚಲು ಕಾಡನ್ನೂ ನೋಡಬೇಕೆಂಬುದು ಈ ಲೇಖನದ ವಾದ.

ಇದಕ್ಕೆ ಅತ್ಯಂತ ಸಮೀಪದ ಲಿಖಿತ ಸಾಕ್ಷ್ಯ ಈಸ್ಟ್ ಇಂಡಿಯಾ ಕಂಪನಿಗಾಗಿ ಮೈಸೂರು ಸೀಮೆಯ ಸಮೀಕ್ಷೆ ನಡೆಸಿದ ಫ್ರಾನ್ಸಿಸ್ ಬುಕಾನನ್‌ನದು. ಟಿಪ್ಪು ಮಡಿದ ಮರುವರ್ಷ, 1800ರಲ್ಲಿ, ಆತ ಕೋಲಾರದಿಂದ ಶಿಡ್ಲಘಟ್ಟ, ಚಿಕ್ಕಬಳ್ಳಾಪುರಗಳನ್ನು ಹಾದು ಮುಂದೆ ಮಧುಗಿರಿಗೆ ಬಂದ. ಗೌರಿಬಿದನೂರಿಗೆ ನೆರೆಯಾದ ಮಧುಗಿರಿ, ಚನ್ನರಾಯನದುರ್ಗ ಸೀಮೆಗಳಲ್ಲಿ ಕಬ್ಬಿಣದ ಅದಿರನ್ನು ಯಾರೂ ಅಗೆಯುತ್ತಿರಲಿಲ್ಲ. ಮಳೆಗಾಲದ ತೊರೆಗಳು ಬಂಡೆಗಳಿಂದ ತೊಳೆದು ತಂದ ಕರಿಮರಳೇ ಅಲ್ಲಿನ ಅದಿರು. ಬಂಡೆ ಸವೆದಾಗ ಅದರೊಳಗಿನ ಮ್ಯಾಗ್ನೆಟೈಟ್ ಕಣಗಳು ಬಿಡಿಯಾಗುತ್ತವೆ. ಭಾರ ಹೆಚ್ಚಾದ್ದರಿಂದ ಹಳ್ಳದ ತಿರುವುಗಳಲ್ಲಿ ತಂಗುತ್ತವೆ. ಗಣಿಯ ಅರ್ಧ ಕೆಲಸವನ್ನು ಮಳೆಯೇ ಮಾಡಿಕೊಡುತ್ತಿತ್ತು.

ಉಕ್ಕು ಮಾಡುವ ಬಗೆಯನ್ನೂ ಬುಕಾನನ್ ವಿವರವಾಗಿ ದಾಖಲಿಸಿದ್ದಾನೆ. ಹಸಿ ಜೇಡಿಯ ಮೂಸೆಯಲ್ಲಿ ಕಬ್ಬಿಣದ ತುಂಡು, ತಂಗಡಿ ಗಿಡದ ಕಡ್ಡಿ, ಎರಡು ಹಸಿರೆಲೆ ಇಟ್ಟು ಬಾಯಿಗೆ ಜೇಡಿಯ ಮುಚ್ಚಳ ಮೆತ್ತುತ್ತಿದ್ದರು. ಒಣಗಿದ ಮೂಸೆಗಳನ್ನು ಕುಲುಮೆಯಲ್ಲಿ ಕಮಾನಿನಂತೆ ಜೋಡಿಸಿ, ಇದ್ದಿಲು ತುಂಬಿ, ನಾಲ್ಕು ಗಂಟೆ ಕಾಲ ತಿದಿ ಒತ್ತಿದರೆ ಒಳಗೆ ಉಕ್ಕಿನ ಗಟ್ಟಿ ಸಿದ್ಧ. ಕಡ್ಡಿ ಎಲೆಗಳು ಕಬ್ಬಿಣಕ್ಕೆ ಇಂಗಾಲ ಒದಗಿಸುತ್ತಿದ್ದವು. ಒಂದು ಕುಲುಮೆಗೆ 13 ಮಂದಿ: ಒಬ್ಬ ಮುಖ್ಯ ಕುಶಲಿ, ಮೂವರಂತೆ ನಾಲ್ಕು ಸರದಿ. ಹಣ ಹೂಡುವ ಯಜಮಾನ ಬೇರೆ. ದುಡಿಯುವವರು ಬಿಡುವಿನಲ್ಲಿ ಹೊಲ ನೋಡಿಕೊಳ್ಳುವ ರೈತರೇ.

ಈ ವಿಧಾನ 1800ರದ್ದು; ಹಿಂದಿನ ಶತಮಾನಗಳಿಗೂ ಅದನ್ನು ಹಾಗೆಯೇ ಅನ್ವಯಿಸುವಂತಿಲ್ಲ. ಆದರೆ ಉಕ್ಕಿನ ಬೇಡಿಕೆ ಎಷ್ಟು ಹಳೆಯದೆಂಬುದನ್ನು ನಂದಿಯ ಭೋಗನಂದೀಶ್ವರ ದೇವಾಲಯ ಹೇಳುತ್ತದೆ. ಬಾಣರಾಣಿ ರತ್ನಾವಳಿ ನಂದಿಯಲ್ಲಿ ಶಿವಾಲಯ ಕಟ್ಟಿಸಿದ್ದನ್ನು 806ರ ತಾಮ್ರಶಾಸನ ತಿಳಿಸುತ್ತದೆ. ವಿಜಯನಗರದ ಕಾಲದವರೆಗೂ ಅಲ್ಲಿ ಕಟ್ಟಡಗಳು ಸೇರುತ್ತಲೇ ಹೋದವು. ಗಡಸು ಕಲ್ಲಿನ ಮೇಲೆ ಉಳಿ ಬೇಗ ಮೊಂಡಾಗುತ್ತದೆ. ಅದನ್ನು ಮತ್ತೆ ಮತ್ತೆ ಕಾಯಿಸಿ, ಬಡಿದು, ಹದಕ್ಕೆ ತರಬೇಕು. ಶಿಲ್ಪಿಯ ಪಕ್ಕದಲ್ಲಿ ಕಮ್ಮಾರನೂ ಇದ್ದಿಲ ಚೀಲವೂ ಇರಲೇಬೇಕಿತ್ತು. ಚನ್ನರಾಯನದುರ್ಗದ ಉಕ್ಕು ಕಲ್ಲುಕುಟಿಗರ ಉಳಿಗಳಿಗೆ ಹೋಗುತ್ತಿತ್ತೆಂಬ ಬುಕಾನನ್‌ನ ಮಾತು ಇಲ್ಲಿ ಅರ್ಥಪೂರ್ಣವಾಗುತ್ತದೆ.

ಆಳಕ್ಕಿಳಿದ ಗಣಿಗಳು ಕರ್ನಾಟಕದಲ್ಲಿ ಇರಲಿಲ್ಲವೆಂದಲ್ಲ. 2007ರವರೆಗೆ ಈ ನಾಲ್ಕೂ ತಾಲ್ಲೂಕುಗಳು ಸೇರಿದ್ದ ಕೋಲಾರ ಜಿಲ್ಲೆಯಲ್ಲೇ, ಮಾರಿಕುಪ್ಪಂ ಬಳಿಯ ಹಳೆಯ ಚಿನ್ನದ ಗಣಿಗಳನ್ನು ಬ್ರಿಟಿಷ್ ಸೇನಾಧಿಕಾರಿ ಜಾನ್ ವಾರನ್ 1802ರಲ್ಲಿ ಕಂಡಿದ್ದ. ರಾಯಚೂರು ಜಿಲ್ಲೆಯ ಹಟ್ಟಿಯಲ್ಲಿ ಪ್ರಾಚೀನರು 600 ಅಡಿಗೂ ಕೆಳಗೆ ಇಳಿದಿದ್ದರು. ಬಂಡೆಗೆ ಬೆಂಕಿಯಿಟ್ಟು, ಕಾದಾಗ ನೀರೆರಚಿ ಸೀಳುವ ಉಪಾಯ ಅವರದು. ಅದಕ್ಕೂ ಬೇಕಿದ್ದದ್ದು ಕಾಡಿನ ಕಟ್ಟಿಗೆಯೇ.

ಕಲ್ಲಿದ್ದಲ ಕೊರತೆ 20ನೆಯ ಶತಮಾನದಲ್ಲೂ ಬೆನ್ನುಬಿಡಲಿಲ್ಲ: 1923ರಲ್ಲಿ ಭದ್ರಾವತಿಯ ಊದುಕುಲುಮೆ ಉರಿದದ್ದು ಮಲೆನಾಡಿನ ಮರದ ಇದ್ದಿಲಿನಿಂದ. ಅಷ್ಟರಲ್ಲಿ ಹಳ್ಳಿಯ ಕುಲುಮೆಗಳು ಅಗ್ಗದ ವಿಲಾಯತಿ ಕಬ್ಬಿಣದ ಮುಂದೆ ಸೋತಿದ್ದವು.

ಕ್ಷೇತ್ರಕಾರ್ಯಕ್ಕೆ ಇದರಿಂದ ದಾರಿ ಸಿಗುತ್ತದೆ. ಉತ್ತರ ಪಿನಾಕಿನಿ ಹಾಗೂ ಅದರ ಉಪಹಳ್ಳಗಳ ದಡಗಳಲ್ಲಿ ಕಬ್ಬಿಣದ ಕಿಟ್ಟ, ತಿದಿಯ ಮಣ್ಣಿನ ಕೊಳವೆ, ಒಡೆದ ಮೂಸೆಯ ಚೂರುಗಳಿಗಾಗಿ ಶೋಧ ನಡೆಯಬೇಕು. ಕಿಟ್ಟದೊಳಗೆ ಸಿಕ್ಕಿಕೊಂಡ ಇದ್ದಿಲ ಚೂರು ಎರಡು ಕೆಲಸಕ್ಕೆ ಬರುತ್ತದೆ: ರೇಡಿಯೋಕಾರ್ಬನ್ ಪರೀಕ್ಷೆಯಿಂದ ಕಾಲ, ಕೋಶರಚನೆಯಿಂದ ಸುಟ್ಟ ಮರದ ಜಾತಿ.